ಕಟ್ಟಲು ದುಡ್ಡು ಬರುತ್ತದೆ, ಸೋರುವುದನ್ನು ನಿಲ್ಲಿಸಲು ಬರಲ್ಲ: ನಿಮ್ಮ ಕ್ಯಾಂಪಸ್ ಹೇಗಿದೆ?

ಕುಕ್ಕರಹಳ್ಳಿ ವಾಕರ್

ಜಯಲಕ್ಷ್ಮಿ ವಿಲಾಸಕ್ಕೆ ಮತ್ತೆ ದುರಸ್ತಿ. ಮೈಸೂರು ವಿವಿಯ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಓದಿದವರಿಗೆ ಆ ಅರಮನೆಯ ಪರಿಚಯ ಹೇಳಬೇಕಿಲ್ಲ. 1905ರ ಕಟ್ಟಡ. ಒಳಗೆ ಜಾನಪದ ವಸ್ತು ಸಂಗ್ರಹಾಲಯ. 2000ದ ನಂತರ ಇನ್ಫೋಸಿಸ್ ಫೌಂಡೇಷನ್ ದುಡ್ಡು ಹಾಕಿ ಅದನ್ನು ರಿಪೇರಿ ಮಾಡಿಸಿತ್ತು. ಆಮೇಲೆ ಕೆಲವು ಭಾಗ ಮತ್ತೆ ಹದಗೆಟ್ಟು, ಈಗ ಅದೇ ಫೌಂಡೇಷನ್ ನೆರವಿನಲ್ಲಿ ಎರಡನೇ ಸುತ್ತು.

ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಆದರೆ ಅರಮನೆಗೆ ಹೇಗೋ ದಾನಿಗಳು ಸಿಗುತ್ತಾರೆ. 70, 80ರ ದಶಕದಲ್ಲಿ ಕಟ್ಟಿದ ಸಾದಾ ಬ್ಲಾಕುಗಳಿವೆಯಲ್ಲ, ಚಂದವೂ ಇಲ್ಲ, ಇತಿಹಾಸವೂ ಇಲ್ಲ, ಸಾವಿರಾರು ಮಕ್ಕಳು ದಿನಾ ಕೂತು ಪಾಠ ಕೇಳುವುದು ಅಲ್ಲೇ. ಅವಕ್ಕೆ ಯಾರು ಬರುತ್ತಾರೆ? ಒಂದು ಕಡೆ ಹೊಸ ಬ್ಲಾಕಿಗೆ ಶಂಕುಸ್ಥಾಪನೆ ಆಗುತ್ತಿರುತ್ತದೆ, ಪಕ್ಕದ ಬ್ಲಾಕಿನಲ್ಲಿ ಸೋರುವ ಜಾಗಕ್ಕೆ ಬಕೆಟ್ ಇಟ್ಟಿರುತ್ತಾರೆ. ಇದು ಯಾಕೆ ಹೀಗೆ ಅಂತ ಗೊತ್ತಿರುವವರು ಬರೆಯಿರಿ.

ಒಂದು ಮನವಿ. ನಿಮ್ಮ ಸ್ವಂತ ದೂರು ಬರೆಯುವಾಗ ವಿವಿ ಹೆಸರು ಬೇಡ. ಹೆಸರು ಬಂದ ಕೂಡಲೇ 'ನಿಮ್ಮದು ಸರಿ ಇದೆಯಾ' ಅಂತ ಜಗಳ ಶುರುವಾಗುತ್ತದೆ. ಎಲ್ಲರಿಗೂ ಗೊತ್ತಿರುವ ಸಂಗತಿಗೆ ಹೆಸರು ಹಾಕಬಹುದು.

ಹಾಸ್ಟೆಲ್ ಬಿ ಬ್ಲಾಕ್

ಪರಂಪರೆ ಕಟ್ಟಡದ ಮಾತು ಆಮೇಲೆ ಆಡೋಣ. ಮೊದಲು ಟಾಯ್ಲೆಟ್.

ನಾನು ಈಗ ಪಿಜಿ ಮಾಡುತ್ತಿದ್ದೇನೆ, ಲೇಡೀಸ್ ಹಾಸ್ಟೆಲ್. ನಮ್ಮ ಮಹಡಿಯ ಟಾಯ್ಲೆಟ್‌ಗಳಲ್ಲಿ ಅರ್ಧಕ್ಕೆ ಚಿಲಕ ಇಲ್ಲ. ಗೆಳತಿ ಹೊರಗೆ ನಿಲ್ಲಬೇಕು. ಬೆಳಗ್ಗೆ ಎಂಟರ ಹೊತ್ತಿಗೆ ಓವರ್‌ಹೆಡ್ ಟ್ಯಾಂಕ್ ಖಾಲಿ. ಕೆಳಗಿನ ಸಂಪಿನಿಂದ ಬಕೆಟಿನಲ್ಲಿ ಹೊತ್ತು ತರುತ್ತೇವೆ. ಸೋಲಾರ್ ವಾಟರ್ ಹೀಟರ್ ತಾರಸಿ ಮೇಲೆ ಇದೆ, ಅದರ ಮೇಲೆ ಯೋಜನೆಯ ಹೆಸರೂ ಇದೆ, ಬಿಸಿನೀರು ಮಾತ್ರ ಬರಲ್ಲ. ಸ್ಯಾನಿಟರಿ ಪ್ಯಾಡ್ ಸುಡುವ ಮಷಿನ್ ತಂದು ಇಟ್ಟರು. ಅದಕ್ಕೆ ಪ್ಲಗ್ ಪಾಯಿಂಟ್ ಇಲ್ಲದ ಗೋಡೆಗೆ ಒರಗಿಸಿ ಇಟ್ಟಿದ್ದಾರೆ. ಪೆಟ್ಟಿಗೆ ಇನ್ನೂ ಪೂರ್ತಿ ಬಿಚ್ಚಿಲ್ಲ.

ಇದಕ್ಕೆಲ್ಲ ಕೋಟಿ ಬೇಕಾ? ಒಂದು ಚಿಲಕಕ್ಕೆ ಎಷ್ಟಾಗುತ್ತದೆ ಹೇಳಿ.

ಗಾರೆ ತಾರಸಿ

ಬಿ ಬ್ಲಾಕ್ ಅವರೇ, ಚಿಲಕಕ್ಕೆ ನೂರು ರೂಪಾಯಿ. ಆ ನೂರು ರೂಪಾಯಿ ಖರ್ಚು ಮಾಡಲು ಅಧಿಕಾರ ಇರುವವರು ಯಾರು ಅನ್ನುವುದೇ ನಿಜವಾದ ಪ್ರಶ್ನೆ. ನಾನು ಒಂದು ವಿವಿಯ ಇಂಜಿನಿಯರಿಂಗ್ ಸೆಕ್ಷನ್‌ನಲ್ಲಿದ್ದು ನಿವೃತ್ತನಾದವನು. ಈ ಖರ್ಚಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ವಾಕರ್ ಕೇಳಿದ ಸೋರುವ ವಿಷಯ. ನನಗೆ ಅದು ಇಷ್ಟದ ವಿಷಯ, ಸ್ವಲ್ಪ ಉದ್ದ ಆಗಬಹುದು.

ಹಳೆಯ ಮದ್ರಾಸ್ ತಾರಸಿಯಲ್ಲಿ ಕೆಳಗೆ ತೇಗದ ತೊಲೆಗಳು. ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆ ಸಾಲಿನಲ್ಲಿ ಸುಣ್ಣದ ಗಾರೆ ಹಾಕಿ ಕೂರಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ. ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ಅದನ್ನು ದಿನಗಟ್ಟಲೆ ಬಡಿಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಮೇಲೆ ಚಪ್ಪಟೆ ಹೆಂಚು. ಇಂಥ ತಾರಸಿ ನೂರು ವರ್ಷ ಬಾಳುತ್ತದೆ. ಆದರೆ ಎರಡು ಷರತ್ತು: ನೀರು ನಿಲ್ಲಬಾರದು, ಗಿಡ ಬೆಳೆಯಬಾರದು.

ನಾವು ಮಾಡುವುದೇನು? ಮಳೆನೀರು ಇಳಿಯುವ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಿರುತ್ತದೆ, ಯಾರೂ ಮೇಲೆ ಹತ್ತಲ್ಲ. ನೀರು ನಿಂತು ಸೋರಿದ ಮೇಲೆ ಅದರ ಮೇಲೊಂದು ಸಿಮೆಂಟ್ ಪದರ ಹಾಕುತ್ತೇವೆ. ಸುಣ್ಣದ ಗೋಡೆ ತೇವವನ್ನು ಹೀರಿಕೊಳ್ಳುತ್ತದೆ, ಒಣಗುವಾಗ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಬಳಿದು ಎಮಲ್ಷನ್ ಪೇಂಟ್ ಹೊಡೆದರೆ ತೇವ ಹೊರಗೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹುದುಗಿರುತ್ತದೆ. ಅದು ಅಲ್ಲೇ ಕೊಳೆಯುತ್ತದೆ. ಹೊರಗಿನಿಂದ ಕಾಣುವುದು ಹೊಳೆಯುವ ಹೊಸ ಪೇಂಟ್ ಮಾತ್ರ. ಪ್ಯಾರಪೆಟ್ ಸಂದಿಯಲ್ಲಿ ಹುಟ್ಟುವ ಅರಳಿ ಗಿಡವನ್ನು ಮೇಲಿಂದ ಕತ್ತರಿಸಿ ಬಿಟ್ಟರೆ ಮರುವರ್ಷ ಬೇರು ಇನ್ನೂ ದಪ್ಪಗೆ ಒಳಗೆ ಹೋಗಿರುತ್ತದೆ.

ಇನ್ನು 70ರ ನಂತರದ ಆರ್‌ಸಿಸಿ ಬ್ಲಾಕುಗಳು. ಇಲ್ಲಿ ತೊಂದರೆ ಕಂಬಿಯದು. ಕಂಬಿಯ ಕೆಳಗೆ ಇರಬೇಕಾದ ಕಾಂಕ್ರೀಟಿನ ಹೊದಿಕೆ ತೆಳುವಾಗಿದ್ದರೆ ನೀರು ಬೇಗ ಕಬ್ಬಿಣ ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ್ದು ಕಾಂಕ್ರೀಟನ್ನು ಒಳಗಿಂದ ಸೀಳುತ್ತದೆ. ನೀವು ಕೂತ ಕ್ಲಾಸಿನಲ್ಲಿ ತಲೆ ಎತ್ತಿ ನೋಡಿ. ಮೊದಲು ಕಂಬಿ ಹೋದ ಸಾಲಿಗೇ ಗೆರೆ ಬಿಡುತ್ತದೆ. ಆಮೇಲೆ ಕಂದು ಕಲೆ. ಆಮೇಲೆ ಹಪ್ಪಳದ ಹಾಗೆ ಎದ್ದು ಬಂದು ತುಂಡು ಉದುರುತ್ತದೆ. ಗೆರೆ ಕಂಡಾಗಲೇ ಮಾಡಿಸಿದರೆ ಸಣ್ಣ ಕೆಲಸ. ಕಂಬಿ ಕಾಣಿಸಿಕೊಂಡ ಮೇಲೆ ಅದೇ ದೊಡ್ಡ ಎಸ್ಟಿಮೇಟ್.

ಕೊಣಾಜೆ ಮಳೆ

ನಮ್ಮ ಕಡೆ ಇದಕ್ಕೆ ಬೇರೆಯೇ ಉಪಾಯ. ಆರ್‌ಸಿಸಿ ಚಾವಣಿ ಹಾಕುವುದು, ಎರಡು ಮಳೆಗಾಲ ನೋಡುವುದು, ಆಮೇಲೆ ಅದರ ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿ ತಗಡಿನ ಶೀಟ್ ಹೊದಿಸುವುದು. ಕರಾವಳಿಯಲ್ಲಿ ಯಾವ ಸರ್ಕಾರಿ ಕಟ್ಟಡ ನೋಡಿದರೂ ತಲೆ ಮೇಲೆ ಒಂದು ಶೀಟ್ ಟೋಪಿ ಇದ್ದೇ ಇರುತ್ತದೆ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಇಲ್ಲಿ ಅದರ ನಾಲ್ಕು ಪಟ್ಟು. ಆದರೂ ನಕ್ಷೆ ಬರುವುದು ಬೆಂಗಳೂರಿನಿಂದಲೇ, ಚಪ್ಪಟೆ ಚಾವಣಿಯೇ.

ಬಾಸೆಲ್ ಮಿಷನ್‌ನವರು 1865ರಲ್ಲೇ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದರು. ಇಡೀ ದೇಶಕ್ಕೆ ಹಂಚು ಕಳಿಸಿದ ಊರಿಗೆ ಇಳಿಜಾರು ಮಾಡು ಬೇಡವಾಯಿತು ಅಂದರೆ ನಗಬೇಕೋ ಅಳಬೇಕೋ. ಶೀಟ್ ಹಾಕಿದ ಮೇಲೆ ಒಂದು ಲಾಭ ಇದೆ, ಬಟ್ಟೆ ಒಣಗಿಸಲು ಜಾಗ.

ಗಾರೆ ತಾರಸಿ

ಕುವೆಂಪು ವಿವಿ ಇರುವ ಶಂಕರಘಟ್ಟದ ಕಡೆಯೂ ಹಾಗೇ. ಮಲೆನಾಡಿನಲ್ಲಿ ಚಪ್ಪಟೆ ಚಾವಣಿ ಹಾಕಿದವರು ಜುಲೈನಲ್ಲಿ ಒಮ್ಮೆ ಅಲ್ಲಿ ಮಲಗಿ ಬರಬೇಕು.

ಸಪ್ತಾಪುರ ಬಾವಿ

ಧಾರವಾಡದಿಂದ ನಮಸ್ಕಾರ್ರೀ. ನಮ್ಮ ಕರ್ನಾಟಕ ಕಾಲೇಜಿನ ಕಟ್ಟಡ ನೋಡಿದ್ದೀರೇನು? ಅದು ಕಾಲೇಜಿಗೆ ಅಂತ ಕಟ್ಟಿದ್ದಲ್ಲ. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಅದು. 1917ರಲ್ಲಿ ಕಾಲೇಜು ಶುರುವಾಯಿತು, ಆಮೇಲೆ ಆ ಕಟ್ಟಡ ಕಾಲೇಜಿನದಾಯಿತು. ಕಲ್ಲಿನ ಕಟ್ಟಡ, ಎತ್ತರದ ಚಾವಣಿ, ಬೇಸಿಗೆಯಲ್ಲಿ ಫ್ಯಾನ್ ಇಲ್ಲದಿದ್ದರೂ ಪಾಠ ಕೇಳಬಹುದು. ಎಂಬತ್ತರ ದಶಕದ ಯಾವುದಾದರೂ ಬ್ಲಾಕಿನಲ್ಲಿ ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಕೂತು ನೋಡಿ, ಗೊತ್ತಾಗುತ್ತದೆ.

ನಾನು ಹೇಳಬೇಕಿರುವುದು ಮಂದಿಯ ಬಗ್ಗೆ. ಕಲ್ಲು, ಸುಣ್ಣ, ಸಿಮೆಂಟು ಎಲ್ಲಾ ಸರಿ. ನೋಡಿಕೊಳ್ಳುವವರು ಯಾರು? ಡಿ.ಸಿ. ಪಾವಟೆ ಅವರು 1954ರಿಂದ 1967ರವರೆಗೆ ಕರ್ನಾಟಕ ವಿವಿಯ ಕುಲಪತಿ ಆಗಿದ್ದರು. ಚಿಕ್ಕ ಮಹಾಬಳೇಶ್ವರ ಗುಡ್ಡದ ಮೇಲಿನ ಕ್ಯಾಂಪಸ್ ಬೆಳೆದದ್ದು ಅವರ ಕಾಲದಲ್ಲೇ. ಆಗಿನ ವಿವಿಗಳಲ್ಲಿ ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಮಾಲಿ ಎಲ್ಲರೂ ಪಗಾರದ ಮೇಲಿನ ನೌಕರರು. ಯಾವ ಬಾಗಿಲು ಜೋತು ಬಿದ್ದಿದೆ, ಯಾವ ನಳ ಸೋರುತ್ತದೆ ಅಂತ ಅವರಿಗೆ ಬಾಯಿಪಾಠ. ಅವರು ನಿವೃತ್ತರಾದ ಮೇಲೆ ಆ ಹುದ್ದೆಗಳನ್ನು ತುಂಬಲೇ ಇಲ್ಲ. ಈಗ ಎಲ್ಲಾ ಹೊರಗುತ್ತಿಗೆ. ಏಜೆನ್ಸಿ ಬದಲಾದರೆ ಆಳೂ ಬದಲು. ಹೊಸಬನಿಗೆ ವಾಲ್ವ್ ಎಲ್ಲಿದೆ ಅಂತ ಹುಡುಕುವುದರಲ್ಲೇ ಆರು ತಿಂಗಳು.

ಆ ಹೊರಗುತ್ತಿಗೆ ಮಂದಿಗೆ ಸಂಬಳ ಎಷ್ಟು, ಅದೂ ಯಾವ ತಿಂಗಳದ್ದು ಯಾವಾಗ ಬರುತ್ತದೆ ಅಂತ ಕೇಳಿ ನೋಡ್ರಿ. ಆಮೇಲೆ ಅವರನ್ನು ಬೈಯುವ ಮನಸ್ಸು ಬರಲ್ಲ.

ಲೆಡ್ಜರ್ ಪುಟ

ಹಣದ ಕಡೆಯಿಂದ ನಾನು ಹೇಳುತ್ತೇನೆ, ಫೈನಾನ್ಸ್ ಸೆಕ್ಷನ್‌ನಲ್ಲಿ ಇದ್ದವನು.

ಜನ ತಿಳಿದಿರುವ ಹಾಗೆ ವಿವಿ ಹತ್ತಿರ ಒಂದೇ ದುಡ್ಡಿನ ಚೀಲ ಇರಲ್ಲ. ಕೇಂದ್ರದ ಯೋಜನೆಯಲ್ಲಿ ಬಂದ ದುಡ್ಡನ್ನು ಆ ಯೋಜನೆ ಹೇಳಿದ್ದಕ್ಕೇ ಬಳಸಬೇಕು. 2013ರಲ್ಲಿ ಬಂದ ಇಂಥ ಒಂದು ಯೋಜನೆ ರೂಸಾದಲ್ಲಿ ಹೊಸ ಕಟ್ಟಡ, ನವೀಕರಣ, ಉಪಕರಣ ಅಂತ ಪಾಲು ಮಾಡಿದ್ದರು. 2023ರಿಂದ ಅದೇ ಪಿಎಂ ಉಷಾ ಆಯಿತು. ಅದರಲ್ಲಿ ಆಯ್ಕೆಯಾದ ಕೆಲವು ವಿವಿಗಳಿಗೆ ತಲಾ 100 ಕೋಟಿವರೆಗೆ ಸಿಗುತ್ತದೆ. ಕೇಳಲು ದೊಡ್ಡ ಮೊತ್ತ. ಆದರೆ ಚಿಲಕ, ನಲ್ಲಿ, ಪೈಪಿನ ಬಾಯಿಯ ಕಸ, ಇವಕ್ಕೆ ಅದರಲ್ಲಿ ಜಾಗ ಇಲ್ಲ. ಅವೆಲ್ಲ ವಿವಿಯ ಸ್ವಂತ ಆದಾಯದಿಂದ ಆಗಬೇಕು.

ಸ್ವಂತ ಆದಾಯ ಅಂದರೆ ಮುಖ್ಯವಾಗಿ ಸಂಯೋಜಿತ ಕಾಲೇಜುಗಳ ಶುಲ್ಕ, ಪರೀಕ್ಷಾ ಶುಲ್ಕ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೆಂಗಳೂರು ವಿವಿ ಮೂರು ಭಾಗ ಆದಾಗ ಸೆಂಟ್ರಲ್ ಕಾಲೇಜು ಆವರಣದಲ್ಲಿ ಒಂದು, ಕೋಲಾರದ ಕಡೆಗೆ ಇನ್ನೊಂದು ಹೋಯಿತು. ಅವುಗಳ ಜೊತೆ ಕಾಲೇಜುಗಳೂ ಹೋದವು. ಮೈಸೂರು ವಿವಿಯಿಂದ ಹಾಸನ, ಮಂಡ್ಯ, ಚಾಮರಾಜನಗರದ ಕಾಲೇಜುಗಳು ಹೊಸ ವಿವಿಗಳಿಗೆ ಹೋದವು. ಆದಾಯ ಹೋಯಿತು. ಕಟ್ಟಡಗಳು ಮಾತ್ರ ಇದ್ದಲ್ಲೇ ಇವೆ, ಮಾನಸಗಂಗೋತ್ರಿಯ 700ಕ್ಕೂ ಹೆಚ್ಚು ಎಕರೆಯೂ ಹಾಗೇ ಇದೆ. ಅದರ ಮೇಲೆ ನಿವೃತ್ತರ ಪಿಂಚಣಿ. ಹಳೆಯ ವಿವಿಗಳು ಪಿಂಚಣಿ ಹೊಂದಿಸಲು ಒದ್ದಾಡುತ್ತಿರುವುದು ಪತ್ರಿಕೆಯಲ್ಲಿ ಓದಿಯೇ ಇರುತ್ತೀರಿ.

ಹೀಗಿರುವಾಗ ಬಜೆಟ್ ಮೀಟಿಂಗಿನಲ್ಲಿ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ? ಸಂಬಳ ಕತ್ತರಿಸಲು ಆಗಲ್ಲ. ಪಿಂಚಣಿ ಆಗಲ್ಲ. ಕರೆಂಟ್ ಬಿಲ್ ಸ್ವಲ್ಪ ದಿನ ತಳ್ಳಬಹುದು. ದುರಸ್ತಿ ಮಾತ್ರ ಎಷ್ಟು ವರ್ಷ ಬೇಕಾದರೂ ತಳ್ಳಬಹುದು. ತಳ್ಳಿದರೆ ಆ ವರ್ಷ ಏನೂ ಆಗಲ್ಲ. ಆಗುವುದು ಹತ್ತು ವರ್ಷ ಬಿಟ್ಟು, ಅಷ್ಟರಲ್ಲಿ ಮೀಟಿಂಗಿನಲ್ಲಿ ಕೂತವರೆಲ್ಲ ಮನೆಗೆ ಹೋಗಿರುತ್ತಾರೆ.

ಮಗಳ ಅಪ್ಪ

ಲೆಡ್ಜರ್ ಸರ್, ನೀವು ಹೇಳಿದ್ದು ಅರ್ಥವಾಯಿತು. ಆದರೆ ನಾವು ಹಾಸ್ಟೆಲ್ ಫೀಸು ಅಂತ ಕಟ್ಟುತ್ತೇವಲ್ಲ. ರಸೀದಿಯಲ್ಲಿ ನಿರ್ವಹಣಾ ಶುಲ್ಕ ಅಂತ ಬೇರೆ ಸಾಲೇ ಇದೆ. ಅದು ಎಲ್ಲಿ ಹೋಗುತ್ತದೆ? ಮಗಳು ಫೋನಿನಲ್ಲಿ ನೀರಿಲ್ಲ ಅಂದರೆ ನಾನು ಇಲ್ಲಿಂದ ಏನು ಮಾಡಲಿ? ವಾರ್ಡನ್‌ಗೆ ಫೋನ್ ಮಾಡಿದರೆ ಇಂಜಿನಿಯರ್ ಕಡೆ ತೋರಿಸುತ್ತಾರೆ, ಇಂಜಿನಿಯರ್ ರಿಜಿಸ್ಟ್ರಾರ್ ಕಡೆ ತೋರಿಸುತ್ತಾರೆ.

ಲೆಡ್ಜರ್ ಪುಟ

ಒಳ್ಳೆಯ ಪ್ರಶ್ನೆ. ಬಹಳ ಕಡೆ ಆ ದುಡ್ಡು ಸಾಮಾನ್ಯ ಖಾತೆಗೆ ಸೇರಿ ಅಲ್ಲಿಂದ ಸಂಬಳಕ್ಕೆ ಹೋಗುತ್ತದೆ. ನಿಯಮ ಮುರಿದ ಹಾಗೆ ಕಾಣಲ್ಲ, ಆದರೆ ಸರಿಯೂ ಅಲ್ಲ. ಹಾಸ್ಟೆಲ್ ಶುಲ್ಕಕ್ಕೆ ಬೇರೆ ಬ್ಯಾಂಕ್ ಖಾತೆ ಇರಬೇಕು, ವಾರ್ಡನ್ ಕೈಯಲ್ಲಿ ಸಣ್ಣ ಖರ್ಚಿಗೆ ಮುಂಗಡ ಇರಬೇಕು. ಬಿ ಬ್ಲಾಕ್ ಅವರ ಚಿಲಕ ಅಲ್ಲೇ ಮುಗಿಯುತ್ತದೆ. ಮುಂಗಡ ಇಟ್ಟ ಕಡೆ ಇದು ನಡೆಯುವುದನ್ನು ನಾನೇ ನೋಡಿದ್ದೇನೆ.

ಕೆಡವಿ ಕಟ್ಟಿ

ಎಲ್ಲರೂ ಹಳೆಯದನ್ನು ಹೊಗಳುತ್ತಿದ್ದೀರಿ. 2022ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ಇದ್ದ ಭಾಗವೇ ಮಳೆಗೆ ಕುಸಿಯಿತು, ಮರೆತಿರಾ? ಮುಂಚೆಯೇ ಎಲ್ಲರನ್ನೂ ಹೊರಗೆ ಕಳಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಸ್ವಲ್ಪ ತಡವಾಗಿದ್ದರೆ? 2012ರಲ್ಲಿ ಅದೇ ಊರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದಾಗ ಜೀವವೇ ಹೋಯಿತು. ನೂರು ವರ್ಷದ ಕಟ್ಟಡದಲ್ಲಿ ಆಸಿಡ್, ಗ್ಯಾಸ್ ಇಟ್ಟುಕೊಂಡು ಲ್ಯಾಬ್ ನಡೆಸುವುದು ಹುಚ್ಚುತನ. ಕೆಡವಿ, ಹೊಸದು ಕಟ್ಟಿ. ಭಾವನೆ ಬೇಡ.

ಕುಕ್ಕರಹಳ್ಳಿ ವಾಕರ್

ಲ್ಯಾನ್ಸ್‌ಡೌನ್ ಕೆಳಗಿನ ಹಳೇ ಪುಸ್ತಕದ ಅಂಗಡಿಗಳಲ್ಲೇ ನನ್ನ ಅರ್ಧ ಎಂಎ ಆಯಿತು. ಅದರ ಹೆಸರು ಕೇಳಿದರೆ ಈಗಲೂ ಕಸಿವಿಸಿ. ಆದರೆ ಕುಸಿದದ್ದಕ್ಕೆ ವಯಸ್ಸೊಂದೇ ಕಾರಣ ಅನ್ನುವುದನ್ನು ನಾನು ಒಪ್ಪಲ್ಲ. ಅದೇ ಊರಿನಲ್ಲಿ ಪ್ರಾಚ್ಯ ವಿದ್ಯಾ ಸಂಶೋಧನಾಲಯ ಇದೆ. 1887ರ ಜ್ಯೂಬಿಲಿ ಕಟ್ಟಡ, ಸಂಸ್ಥೆ ಶುರುವಾದದ್ದು 1891ರಲ್ಲಿ. ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಸಿಕ್ಕಿದ್ದು ಅಲ್ಲೇ, 1909ರಲ್ಲಿ ಅಚ್ಚಾಯಿತು. ಕೆಡವಿ ಅಂದರೆ ಅದನ್ನೂ ಕೆಡವುತ್ತೀರಾ?

ಕೆಡವಿ ಕಟ್ಟಿ

ಅದನ್ನು ಮ್ಯೂಸಿಯಂ ಹಾಗೆ ಇಟ್ಟುಕೊಳ್ಳಿ. ದಿನಾ ಐನೂರು ಮಕ್ಕಳು ಓಡಾಡುವ ಕಡೆ ಬೇಡ ಅಂತ ನಾನು ಹೇಳುತ್ತಿರುವುದು.

ಗಾರೆ ತಾರಸಿ

ಇಬ್ಬರ ಮಾತಲ್ಲೂ ಅರ್ಧ ಅರ್ಧ ಸರಿ ಇದೆ ಅಂತ ಹೇಳಿ ತಪ್ಪಿಸಿಕೊಳ್ಳಲ್ಲ. ಲ್ಯಾಬ್ ವಿಷಯದಲ್ಲಿ 'ಕೆಡವಿ ಕಟ್ಟಿ' ಹೇಳಿದ್ದೇ ಸರಿ. ಸುಣ್ಣದ ಗೋಡೆ, ಮರದ ತೊಲೆ ಇರುವ ಕಟ್ಟಡಕ್ಕೆ ಕೆಮಿಸ್ಟ್ರಿ ಲ್ಯಾಬ್ ಹಾಕಬಾರದು. ಸಿಂಕ್‌ಗಳಿಂದ ನೀರು ಇಳಿಯುತ್ತಲೇ ಇರುತ್ತದೆ, ಆಸಿಡ್ ಹಬೆ ಬೇರೆ, ಸುಣ್ಣಕ್ಕೂ ಆಸಿಡ್‌ಗೂ ಆಗಿಬರಲ್ಲ. ಲ್ಯಾಬನ್ನು ಹೊಸ ಬ್ಲಾಕಿಗೆ ಒಯ್ಯಿರಿ, ಹಳೆಯದರಲ್ಲಿ ಕನ್ನಡ, ಇತಿಹಾಸ, ಅರ್ಥಶಾಸ್ತ್ರದ ತರಗತಿ ನಡೆಸಿ. ಆದರೆ ಕೆಡವಿದರೆ ಎಲ್ಲಾ ಸರಿಹೋಗುತ್ತದೆ ಅನ್ನುವುದು ಸುಳ್ಳು. ಹೊಸದನ್ನೂ ನೋಡಿಕೊಳ್ಳುವವರು ಇದೇ ನಾವೇ ಅಲ್ವಾ? ನೂರು ವರ್ಷ ನಿಂತ ಕಟ್ಟಡವನ್ನು ಕೆಡವಿ ಮೂವತ್ತು ವರ್ಷ ನಿಲ್ಲುವುದನ್ನು ಕಟ್ಟಿದ ಹಾಗಾಗುತ್ತದೆ.

ಅತಿಥಿ ಟೀಚರ್

ವಿವಿ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಬಗ್ಗೆ ಯಾರೂ ಬರೆದಿಲ್ಲವಲ್ಲ! ನಮ್ಮಲ್ಲಿ ಎಲ್ಲಾ ರಿಪೇರಿ ಆಗುವುದು ನ್ಯಾಕ್ ತಂಡ ಬರುವ ಮುಂಚಿನ ಹದಿನೈದು ದಿನಗಳಲ್ಲಿ. ಪೇಂಟ್ ವಾಸನೆ ಬಂತು ಅಂದರೆ ತಂಡ ಬರುತ್ತಿದೆ ಅಂತ ನಾಯಿಗೂ ಗೊತ್ತು. ಬಾಡಿಗೆ ಹೂಕುಂಡಗಳು ಬರುತ್ತವೆ. ಕೆಟ್ಟುಹೋದ ಟಾಯ್ಲೆಟ್‌ಗೆ ಬೀಗ ಹಾಕಿ ಮುಂದೆ ಒಂದು ಬೋರ್ಡ್ ನಿಲ್ಲಿಸುತ್ತಾರೆ, ಬೋರ್ಡ್ ಮೇಲೆ ವಿವೇಕಾನಂದರ ಮಾತು. ತಂಡ ಹೋದ ಮರುದಿನ ಕುಂಡಗಳು ಟೆಂಪೋ ಹತ್ತುತ್ತವೆ.

ತಮಾಷೆ ಸಾಕು. ನ್ಯಾಕ್ ದಾಖಲೆಯಿಂದ ನಮಗೆ ಒಂದು ಉಪಯೋಗ ಇದೆ. ವಿವಿಗಳು ನ್ಯಾಕ್‌ಗೆ ಕೊಡುವ ಸ್ವಯಂ ಅಧ್ಯಯನ ವರದಿಯಲ್ಲಿ ನಾಲ್ಕನೇ ಮಾನದಂಡ ಪೂರ್ತಿ ಮೂಲಸೌಕರ್ಯದ್ದು. ಅದರೊಳಗೆ ಕ್ಯಾಂಪಸ್ ನಿರ್ವಹಣೆಗೆ ಯಾವ ವರ್ಷ ಎಷ್ಟು ಖರ್ಚು ಮಾಡಿದೆವು ಅಂತ ವಿವಿಯೇ ಬರೆದುಕೊಟ್ಟಿರುತ್ತದೆ. ಆ ವರದಿ ವಿವಿ ವೆಬ್‌ಸೈಟಿನಲ್ಲೇ ಸಿಗುತ್ತದೆ. ತೆಗೆದು ಓದಿ. ಅಲ್ಲಿನ ಅಂಕಿ ಒಂದು ಕಡೆ, ನಿಮ್ಮ ಚಾವಣಿ ಇನ್ನೊಂದು ಕಡೆ ಇಟ್ಟು ನೋಡಿ.

ನಮ್ಮಂಥವರಿಗೆ ಸ್ಟಾಫ್ ರೂಮೇ ಇಲ್ಲ ಅನ್ನುವುದು ಬೇರೆ ಮಾತು. ಕಾರಿಡಾರಿನಲ್ಲಿ ನಿಂತು ಉತ್ತರ ಪತ್ರಿಕೆ ತಿದ್ದಿದ್ದೇನೆ.

ರ‍್ಯಾಂಪ್ ಎಲ್ಲಿ

ನಾನು ವೀಲ್‌ಚೇರ್ ಬಳಸುವವನು. ಇಲ್ಲಿವರೆಗಿನ ಚರ್ಚೆಯಲ್ಲಿ ಕಟ್ಟಡದ ಒಳಗೆ ಏನೇನು ಸೋರುತ್ತದೆ ಅಂತ ಬಂತು. ನನಗೆ ಒಳಗೆ ಹೋಗುವುದೇ ಕಷ್ಟ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, ನಿಯಮಗಳು 2017ರಲ್ಲಿ. ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಬಂದ ಐದು ವರ್ಷದೊಳಗೆ ಎಲ್ಲರೂ ಬಳಸುವ ಹಾಗೆ ಮಾಡಬೇಕು ಅಂತ ಕಾಯ್ದೆಯಲ್ಲೇ ಇದೆ. 2022ಕ್ಕೆ ಆ ಗಡುವು ಮುಗಿಯಿತು. ನಾನು ಓದಿದ ಕಡೆ ರ‍್ಯಾಂಪ್ ಇತ್ತು, ಇಲ್ಲ ಅನ್ನಲ್ಲ. ಅದು ಇದ್ದ ರೀತಿ ಕೇಳಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಇದು ಎಲ್ಲಾ ಕಡೆ ಒಪ್ಪಿರುವ ಲೆಕ್ಕ. ಅವರು ಎರಡು ಅಡಿ ಎತ್ತರದ ಜಗಲಿಗೆ ಆರು ಅಡಿಯಲ್ಲಿ ರ‍್ಯಾಂಪ್ ಮುಗಿಸಿದ್ದರು. ಮೇಲೆ ನುಣುಪಾದ ಟೈಲ್ಸ್. ತುದಿಯಲ್ಲಿ ಬೈಕ್ ಹತ್ತಬಾರದು ಅಂತ ಕಬ್ಬಿಣದ ಕಂಬಿ ನೆಟ್ಟಿದ್ದರು, ಆ ಸಂದಿಯಲ್ಲಿ ಕುರ್ಚಿ ತೂರಲ್ಲ. ಫೋಟೋ ತೆಗೆದು ವರದಿಗೆ ಹಾಕಲು ಮಾತ್ರ ಚೆನ್ನಾಗಿತ್ತು.

ಗೆಳೆಯರು ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತಿದ್ದರು. ಒಳ್ಳೆಯವರು. ಅವರು ರಜೆ ಹಾಕಿದ ದಿನ ನನಗೂ ರಜೆ.

ಹಾಸ್ಟೆಲ್ ಬಿ ಬ್ಲಾಕ್

ಆರು ಅಡಿ? ಅದು ಜಾರುಬಂಡೆ.

ಜ್ಞಾನಭಾರತಿ ಬಸ್‌ಸ್ಟಾಪ್

ಬೆಂಗಳೂರಿನದೊಂದು ಸೇರಿಸುತ್ತೇನೆ. ಬೆಂಗಳೂರು ವಿವಿಯ ಕ್ಯಾಂಪಸ್ ಜ್ಞಾನಭಾರತಿ ಅಂದರೆ ಸಾವಿರಕ್ಕೂ ಹೆಚ್ಚು ಎಕರೆ. ವಿವಿ ಅಲ್ಲಿಗೆ ಬಂದದ್ದು 1973ರಲ್ಲಿ, ಆಗ ಅದು ಊರ ಹೊರಗೆ. ಈಗ ಊರೇ ಕ್ಯಾಂಪಸ್ ಮೂಲಕ ಹಾದುಹೋಗುತ್ತದೆ. ಕ್ಯಾಂಪಸ್ ರಸ್ತೆ ಎಲ್ಲರಿಗೂ ಅಡ್ಡದಾರಿ. 2022ರಲ್ಲಿ ವಿದ್ಯಾರ್ಥಿನಿಯೊಬ್ಬರು ಬಸ್ಸಿಗೆ ಸಿಕ್ಕಿ ಆಮೇಲೆ ತೀರಿಕೊಂಡರು. ಆಗ ದೊಡ್ಡ ಪ್ರತಿಭಟನೆ ನಡೆಯಿತು. ಸೌಲಭ್ಯ ಅಂದರೆ ಕಟ್ಟಡ ಮಾತ್ರ ಅಲ್ಲ. ಕತ್ತಲಾದ ಮೇಲೆ ಲೈಬ್ರರಿಯಿಂದ ಹಾಸ್ಟೆಲ್‌ಗೆ ಹೋಗುವ ದಾರಿಯಲ್ಲಿ ದೀಪ ಇದೆಯಾ, ಫುಟ್‌ಪಾತ್ ಇದೆಯಾ, ನಾಯಿ ಹಿಂಡು ಎಲ್ಲಿ ಮಲಗುತ್ತದೆ, ಇದೂ ಸೌಲಭ್ಯವೇ. ಎಷ್ಟು ಎಕರೆ ಅಂತ ಹೆಮ್ಮೆಪಡುವುದರ ಜೊತೆಗೆ ಎಷ್ಟು ದೀಪ ಅಂತಲೂ ಎಣಿಸಬೇಕು.

ಹಾಗೇ ಕೆ.ಆರ್. ಸರ್ಕಲ್‌ನ ಇಂಜಿನಿಯರಿಂಗ್ ಕಾಲೇಜು ಯುವಿಸಿಇ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ್ದು. ಹಳೆಯ ವಿದ್ಯಾರ್ಥಿಗಳು ವರ್ಷಗಟ್ಟಲೆ ಬೆನ್ನು ಬಿದ್ದು ಅದಕ್ಕೆ ಸ್ವಾಯತ್ತತೆ ಕೊಡಿಸಿದರು, 2022ರಿಂದ ಅದೇ ಒಂದು ವಿವಿ. ಹಳೆಯ ವಿದ್ಯಾರ್ಥಿಗಳಿಂದ ಆಗುವ ಕೆಲಸ ಅದು. ಸುಮ್ನೆ ಬೆಳ್ಳಿಹಬ್ಬದ ಊಟಕ್ಕೆ ಸೇರುವುದಲ್ಲ.

ನಳ ಕದ್ದವರು

ಎಲ್ಲಾ ತಪ್ಪು ವಿವಿಯದ್ದೇನಾ? ಹೊಸ ಸ್ಟೀಲ್ ನಲ್ಲಿ ಹಾಕಿದರೆ ವಾರದೊಳಗೆ ಮಾಯ. ಬೆಂಚಿನ ಮೇಲೆ ಕಂಪಾಸಿನಿಂದ ಹೃದಯ ಕೆತ್ತುವವರು ಯಾರು? ಕಮೋಡಿಗೆ ಊಟದ ಪ್ಲಾಸ್ಟಿಕ್ ತುರುಕುವವರು ಯಾರು?

ಸಪ್ತಾಪುರ ಬಾವಿ

ಖರೇ ಐತಿ, ಅದೂ ಇದೆ. ಆದರೆ ಒಂದು ಮಾತು. ಸ್ವಚ್ಛವಾಗಿ ಇಟ್ಟ ಕಡೆ ಮಂದಿ ಕಡಿಮೆ ಹೊಲಸು ಮಾಡುತ್ತಾರೆ. ಒಡೆದದ್ದು ಒಡೆದ ಹಾಗೇ ಬಿಟ್ಟರೆ ಪಕ್ಕದ್ದನ್ನೂ ಒಡೆಯುತ್ತಾರೆ. ಚಾವಣಿಯ ಕಂಬಿಗೆ ತುಕ್ಕು ಹಿಡಿಸುವುದು ಮಾತ್ರ ಯಾವ ವಿದ್ಯಾರ್ಥಿಯ ಕೈಯಲ್ಲೂ ಆಗಲ್ಲ ಬಿಡ್ರಿ.

ಚಿಕ್ಕ ಅಳುವಾರ

ನಾನು ಹೊಸ ವಿವಿಗಳ ಕಡೆಯವನು. ನೀವೆಲ್ಲ ಕಟ್ಟಡ ಸೋರುತ್ತದೆ ಅನ್ನುತ್ತಿದ್ದೀರಿ, ನಮ್ಮ ಚಿಂತೆ ವಿವಿಯೇ ಉಳಿಯುತ್ತದಾ ಅಂತ. ಪಿಜಿ ಸೆಂಟರ್ ಇದ್ದ ಕಡೆಯೇ ಬೋರ್ಡ್ ಬದಲಾಯಿಸಿ ವಿವಿ ಅಂದರು. 2025ರ ಆರಂಭದಲ್ಲಿ ಸಂಪುಟ ಉಪಸಮಿತಿ ಇಂಥ ಒಂಬತ್ತು ವಿವಿಗಳನ್ನು ಮುಚ್ಚುವ ಮಾತಾಡಿತು. ಹಾಸನ, ಮಂಡ್ಯ, ಕೊಡಗು, ಚಾಮರಾಜನಗರ, ಹಾವೇರಿ, ಕೊಪ್ಪಳ, ಬಾಗಲಕೋಟೆ ಎಲ್ಲಾ ಆ ಪಟ್ಟಿಯಲ್ಲಿ. ದುಡ್ಡು ಕೊಡದೆ ವಿವಿ ಶುರು ಮಾಡುವುದೂ ತಪ್ಪು, ಶುರು ಮಾಡಿದ್ದನ್ನು ಮುಚ್ಚುವುದೂ ತಪ್ಪು. ನಮ್ಮ ಹಳ್ಳಿ ಹೆಣ್ಣುಮಕ್ಕಳು ಬಸ್ಸಿನಲ್ಲಿ ಬಂದು ಎಂಎ ಮಾಡುತ್ತಿರುವುದು ಹತ್ತಿರ ಇದೆ ಅಂತ. ಮೈಸೂರಿಗೋ ಮಂಗಳೂರಿಗೋ ಹೋಗಬೇಕು ಅಂದರೆ ಮನೆಯಲ್ಲಿ ಮದುವೆ ಮಾಡುತ್ತಾರೆ.

ಕುಕ್ಕರಹಳ್ಳಿ ವಾಕರ್

ಇದು ನನ್ನ ತಲೆಗೆ ಬಂದೇ ಇರಲಿಲ್ಲ. ಗಾರೆ ತಾರಸಿ ಸರ್, ಖರ್ಚಿನ ವಿಷಯ ಆಮೇಲೆ ಅಂದಿರಿ. ವಿದ್ಯಾರ್ಥಿಗಳು ಈಗಲೇ ಮಾಡಬಹುದಾದ್ದು ಏನಾದರೂ ಇದ್ದರೆ ಅದನ್ನೂ ಹೇಳಿ.

ಗಾರೆ ತಾರಸಿ

ಹೇಳುತ್ತೇನೆ. ನಮ್ಮ ಕಚೇರಿಗಳಲ್ಲಿ ಬಹಳ ಜನ ಹೇಳದ ವಿಷಯ ಇದು.

ಚಿಕ್ಕ ದುರಸ್ತಿಯ ದಾರಿ ಹೀಗೆ. ವಿಭಾಗದ ಮುಖ್ಯಸ್ಥರ ಪತ್ರ ರಿಜಿಸ್ಟ್ರಾರ್‌ಗೆ, ಅಲ್ಲಿಂದ ನಮಗೆ. ಜೆಇ (ಜೂನಿಯರ್ ಇಂಜಿನಿಯರ್) ಹೋಗಿ ನೋಡಿ ಎಸ್ಟಿಮೇಟ್ ಮಾಡಬೇಕು, ಅವರ ಮೇಲಿನ ಎಇಇ, ಇಇ ಇಂಜಿನಿಯರುಗಳ ಸಹಿ, ಫೈನಾನ್ಸ್ ಒಪ್ಪಿಗೆ, ಆಮೇಲೆ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಅಥವಾ ಕೊಟೇಷನ್. ಒಂದು ನಲ್ಲಿಗೂ ಫೈಲು, ಒಂದು ಬ್ಲಾಕಿಗೂ ಫೈಲು. ಹಾಗಾಗಿ ನಾವು ಏನು ಮಾಡುತ್ತಿದ್ದೆವು ಅಂದರೆ, ಚಿಕ್ಕ ಕೆಲಸಗಳು ಗುಡ್ಡೆಯಾಗುವವರೆಗೆ ಕಾಯುವುದು. ಗುಡ್ಡೆಯಾದ ಮೇಲೆ ಒಂದೇ ಎಸ್ಟಿಮೇಟ್. ಕಾಯುವಷ್ಟರಲ್ಲಿ ಸೋರುತ್ತಿದ್ದದ್ದು ಉದುರಲು ಶುರುವಾಗಿರುತ್ತದೆ.

ಇನ್ನು ಹೇಳದ ವಿಷಯ. ಹೊಸ ಕಟ್ಟಡ ಕಟ್ಟಿದ ಕಂಟ್ರಾಕ್ಟರ್ ಕೆಲಸ ಮುಗಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಒಪ್ಪಂದದಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಇರುತ್ತದೆ. ಆ ಅವಧಿಯೊಳಗೆ ಚಾವಣಿ ಸೋರಿದರೆ, ಟೈಲ್ಸ್ ಎದ್ದರೆ, ಬಾಗಿಲು ಸೊಟ್ಟಗಾದರೆ ಅವನ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಅದಕ್ಕೇ ಅವನ ಬಿಲ್ಲಿನಿಂದ ಭದ್ರತಾ ಠೇವಣಿ ಹಿಡಿದಿಟ್ಟಿರುತ್ತೇವೆ. ಅವಧಿ ಮುಗಿದ ಮೇಲೆ, ಬರವಣಿಗೆಯಲ್ಲಿ ದೂರು ಇಲ್ಲದಿದ್ದರೆ, ಠೇವಣಿ ವಾಪಸ್. ಇಲ್ಲೇ ಎಲ್ಲಾ ಎಡವುವುದು. ಸೋರಿದ್ದನ್ನು ಎಲ್ಲರೂ ನೋಡಿರುತ್ತಾರೆ, ವಾಟ್ಸಾಪಿನಲ್ಲಿ ಫೋಟೋ ಓಡಾಡಿರುತ್ತದೆ, ಒಂದೇ ಒಂದು ಪತ್ರ ಇಂಜಿನಿಯರಿಂಗ್ ಸೆಕ್ಷನ್‌ನ ಟಪಾಲಿನಲ್ಲಿ ಇರಲ್ಲ. ಠೇವಣಿ ಹೋಗುತ್ತದೆ. ಆಮೇಲೆ ಅದೇ ಸೋರಿಕೆಗೆ ವಿವಿ ದುಡ್ಡಿನಲ್ಲಿ ಹೊಸ ಎಸ್ಟಿಮೇಟ್.

ಆದ್ದರಿಂದ ನಿಮ್ಮ ಕ್ಯಾಂಪಸ್‌ನಲ್ಲಿ ಹೊಸ ಬ್ಲಾಕ್ ಇದ್ದರೆ ಮೊದಲ ಮಳೆಯಲ್ಲೇ ದೂರನ್ನು ಕಾಗದದ ಮೇಲೆ ಕೊಡಿ. ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಹಳೆಯ ಬ್ಲಾಕಿನವರು ಮೇ ತಿಂಗಳಲ್ಲೇ ಪತ್ರ ಕೊಡಿ, ತಾರಸಿ ಗುಡಿಸಿ ಪೈಪಿನ ಬಾಯಿ ಬಿಡಿಸಿ ಅಂತ. ಅದಕ್ಕೆ ಎಸ್ಟಿಮೇಟೇ ಬೇಡ, ಒಬ್ಬ ಆಳು, ಅರ್ಧ ದಿನ.

ಹಾಸ್ಟೆಲ್ ಬಿ ಬ್ಲಾಕ್

ಸರ್, ನಮ್ಮ ಹಾಸ್ಟೆಲ್ ಪಕ್ಕದ ಹೊಸ ಬ್ಲಾಕ್ ಈಗಲೇ ಸೋರುತ್ತಿದೆ. ಉದ್ಘಾಟನೆ ಆಗಿ ಜಾಸ್ತಿ ದಿನ ಆಗಿಲ್ಲ. ಆ ಅವಧಿ ಎಷ್ಟು, ಮುಗಿದಿದೆಯಾ ಅಂತ ನಮಗೆ ಹೇಗೆ ಗೊತ್ತಾಗುತ್ತದೆ? ಕೇಳಿದರೆ ಹೇಳಲ್ಲ.

ಗಾರೆ ತಾರಸಿ

ಮಾಹಿತಿ ಹಕ್ಕಿನಲ್ಲಿ ಕೇಳಿ. ವಿವಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿ ಇರಲೇಬೇಕು. ಹತ್ತು ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಸಾಕು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಸೋರುವುದು ಯಾಕೆ ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ಉತ್ತರ ಕೊಡಬೇಕಿಲ್ಲ ಅಂತ ವಾಪಸ್ ಕಳಿಸುತ್ತಾರೆ. ದಾಖಲೆ ಕೇಳಿ. ಆ ಬ್ಲಾಕಿನ ಕೆಲಸ ಪೂರ್ಣಗೊಂಡ ಪ್ರಮಾಣಪತ್ರದ ಪ್ರತಿ. ಒಪ್ಪಂದದಲ್ಲಿ ದೋಷ ಹೊಣೆಗಾರಿಕೆ ಅವಧಿ ಬರೆದಿರುವ ಪುಟದ ಪ್ರತಿ. ಭದ್ರತಾ ಠೇವಣಿ ಎಷ್ಟು ಹಿಡಿದಿದ್ದೀರಿ, ಬಿಡುಗಡೆ ಮಾಡಿದ್ದರೆ ಯಾವ ದಿನಾಂಕ, ಆ ಆದೇಶದ ಪ್ರತಿ. ಇಷ್ಟು ಸಾಕು. ಉತ್ತರ ಬರುವವರೆಗೆ ಕಾಯಬೇಡಿ, ಸೋರುವ ದೂರನ್ನು ಇವತ್ತೇ ಬೇರೆ ಪತ್ರದಲ್ಲಿ ಕೊಟ್ಟುಬಿಡಿ.

ಲೆಡ್ಜರ್ ಪುಟ

ಒಂದು ಸೇರಿಸುತ್ತೇನೆ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಇದನ್ನೇ ನೆಪ ಮಾಡಿ ತಿರಸ್ಕರಿಸುವವರಿದ್ದಾರೆ. ಪೀಠಿಕೆ, ಬೈಗುಳ ಎಲ್ಲಾ ಬಿಟ್ಟು ಬರೆಯಿರಿ.

ಮಗಳ ಅಪ್ಪ

ಊರಿನಿಂದ ನಾನೇ ಹಾಕಬಹುದಾ? ಮಗಳ ಹೆಸರು ಬಂದರೆ ಇಂಟರ್ನಲ್ ಮಾರ್ಕ್ಸ್ ಚಿಂತೆ ಅವಳಿಗೆ.

ಲೆಡ್ಜರ್ ಪುಟ

ಹಾಕಬಹುದು. ದೇಶದ ಯಾವ ನಾಗರಿಕರೂ ಕೇಳಬಹುದು, ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ. ಆನ್‌ಲೈನ್‌ನಲ್ಲೂ ಆಗುತ್ತದೆ, ರಾಜ್ಯ ಸರ್ಕಾರದ ಪೋರ್ಟಲ್ ಇದೆ. ನಿಮ್ಮ ವಿವಿ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಸ್ಪೀಡ್ ಪೋಸ್ಟ್.

ಹಾಸ್ಟೆಲ್ ಬಿ ಬ್ಲಾಕ್

ಅಂಕಲ್, ಹಾಗಾದರೆ ನಿಮ್ಮ ಮಗಳಿರುವ ಹಾಸ್ಟೆಲ್‌ಗೆ ನೀವು ಹಾಕಿ, ಇಲ್ಲಿಗೆ ನಮ್ಮ ಅಪ್ಪನ ಹೆಸರಲ್ಲಿ ಹಾಕಿಸುತ್ತೇನೆ. ನಿರ್ವಹಣಾ ಶುಲ್ಕದ ಲೆಕ್ಕವನ್ನೂ ಇದೇ ಅರ್ಜಿಯಲ್ಲಿ ಕೇಳಬಹುದಾ?

ಲೆಡ್ಜರ್ ಪುಟ

ಬೇಡ. ಅದು ಬೇರೆ ವಿಷಯ, ಬೇರೆ ಅರ್ಜಿ, ಇನ್ನೊಂದು ಹತ್ತು ರೂಪಾಯಿ. ಮೂರು ವರ್ಷದ ಲೆಕ್ಕ ಸಾಕು, ಹತ್ತು ವರ್ಷದ್ದು ಕೇಳಿದರೆ ಪುಟಕ್ಕಿಷ್ಟು ಅಂತ ಜೆರಾಕ್ಸ್ ದುಡ್ಡೇ ಸಾವಿರ ದಾಟುತ್ತದೆ.